ಎರಡು ನೀರು ಸೇರದ ಹಾಗೆ: ಕೊಡಗಿನ ಊಟದ ಮನೆಗಳ ಪೈಪು, ಸಿಂಕು ಮತ್ತು ಇಂಗುಗುಂಡಿ

(ಮಡಿಕೇರಿಯಲ್ಲಿ ಹೋಂಸ್ಟೇ, ಕ್ಯಾಂಟೀನ್ ಮತ್ತು ಸಣ್ಣ ಹೋಟೆಲ್ ನಡೆಸುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚೆ ಚರಂಡಿಯ ವಿಷಯ ಮಾತನಾಡಲು ನಿಲ್ಲಿಸಿದ್ದೀರಿ. ಊಟದ ನಂತರ ನಿಲ್ಲಿಸಿದ್ದರೆ ಇನ್ನೂ ಕಷ್ಟವಾಗುತ್ತಿತ್ತು, ಆದ್ದರಿಂದ ದೂರುವುದಿಲ್ಲ.

ಹೋಟೆಲ್ ಪ್ಲಂಬಿಂಗ್‌ಗೆ ನಿಯಮ ಎಲ್ಲಿದೆ ಎಂದು ಬಹಳ ಜನ ಕೇಳುತ್ತಾರೆ. ಒಂದೇ ಪುಸ್ತಕದಲ್ಲಿಲ್ಲ, ಅದೇ ತೊಂದರೆ. ಪೈಪಿನ ಅಳತೆ, ಇಳಿಜಾರು, ಟ್ರ್ಯಾಪ್ (ನೀರು ನಿಲ್ಲುವ ಬಾಗಿದ ಕೊಳವೆ), ಗಾಳಿ ಕೊಳವೆ ಇವೆಲ್ಲ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಒಂಬತ್ತನೇ ಭಾಗದಲ್ಲಿವೆ. ಅಡುಗೆಮನೆಯ ಶುಚಿತ್ವ, ಕೈ ತೊಳೆಯುವ ಜಾಗ, ಕುಡಿಯಲು ಯೋಗ್ಯವಾದ ನೀರು ಇವು ಆಹಾರ ಸುರಕ್ಷತೆ ಕಾಯಿದೆಯ ಕೆಳಗೆ 2011ರಲ್ಲಿ ಬಂದ ಪರವಾನಗಿ ನಿಯಮಗಳ ನಾಲ್ಕನೇ ಅನುಸೂಚಿಯಲ್ಲಿವೆ. ಆ ನೀರು ಹೇಗಿರಬೇಕು ಎಂಬುದಕ್ಕೆ ಐಎಸ್ 10500 ಎಂಬ ಭಾರತೀಯ ಮಾನಕ, ಸೆಪ್ಟಿಕ್ ಟ್ಯಾಂಕಿಗೆ ಐಎಸ್ 2470. ಕೊಳಚೆಯನ್ನು ತೋಡಿಗೆ ಬಿಟ್ಟರೆ 1974ರ ಜಲಮಾಲಿನ್ಯ ಕಾಯಿದೆ. ಪರವಾನಗಿಯ ಅರ್ಜಿ ತುಂಬಿಸಿಕೊಡುವ ಏಜೆಂಟರು ಇವುಗಳಲ್ಲಿ ಎರಡನೆಯದನ್ನು ಮಾತ್ರ, ಅದೂ ಟಿಕ್ ಹಾಕುವ ಪಟ್ಟಿಯಾಗಿ, ನಿಮಗೆ ತೋರಿಸಿರುತ್ತಾರೆ.

ಇಷ್ಟೂ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ನೂರಾರು ಕಲಮುಗಳ ಹಿಂದೆ ಒಂದೇ ಹಟ ಕಾಣುತ್ತದೆ. ಒಳಗೆ ಬರುವ ನೀರು ಮತ್ತು ಹೊರಗೆ ಹೋಗುವ ನೀರು ಎಲ್ಲಿಯೂ, ಯಾವ ಗಳಿಗೆಯಲ್ಲಿಯೂ, ಒಂದನ್ನೊಂದು ಮುಟ್ಟಬಾರದು. ಬಯಲು ಸೀಮೆಯಲ್ಲಿ ಇದನ್ನು ಪಾಲಿಸುವುದು ಸ್ವಲ್ಪ ಸುಲಭ. ನಮ್ಮದು ಗುಡ್ಡದ ಮೇಲಿನ ಬದುಕು. ಟ್ಯಾಂಕು ಒಂದು ಮಟ್ಟದಲ್ಲಿ, ಮನೆ ಇನ್ನೊಂದು ಮಟ್ಟದಲ್ಲಿ, ತೋಟ ಮತ್ತೊಂದು ಮಟ್ಟದಲ್ಲಿ, ಬಾವಿ ಎಲ್ಲದಕ್ಕಿಂತ ಕೆಳಗೆ. ಇಲ್ಲಿ ನೀರು ತಾನಾಗಿಯೇ ಇನ್ನೊಂದು ನೀರನ್ನು ಹುಡುಕಿಕೊಂಡು ಹೋಗುತ್ತದೆ.

ಮೊದಲು ದೂರದ ಊರಿನ ಒಂದು ಘಟನೆ ಹೇಳುತ್ತೇನೆ. 1933ರಲ್ಲಿ ಅಮೆರಿಕದ ಷಿಕಾಗೋದಲ್ಲಿ ದೊಡ್ಡ ವಿಶ್ವಮೇಳ ನಡೆಯಿತು. ದೇಶದ ಎಲ್ಲ ಕಡೆಯಿಂದ ಜನ ಬಂದು ಅಲ್ಲಿನ ಹೋಟೆಲುಗಳಲ್ಲಿ ಇಳಿದರು, ಉಂಡರು, ಊರಿಗೆ ಮರಳಿದರು. ಕೆಲವು ವಾರಗಳ ನಂತರ ಬೇರೆ ಬೇರೆ ರಾಜ್ಯಗಳಲ್ಲಿ ಅವರಿಗೆ ರಕ್ತಭೇದಿ ಶುರುವಾಯಿತು. ಅಲ್ಲಿನ ವೈದ್ಯರಿಗೆ ಒಂದಕ್ಕೊಂದು ಸಂಬಂಧ ತಿಳಿಯಲಿಲ್ಲ. ಕೆಲವರಿಗೆ ಅಪೆಂಡಿಸೈಟಿಸ್ ಎಂದು ಭಾವಿಸಿ ಹೊಟ್ಟೆ ಕೊಯ್ದದ್ದೂ ಉಂಟು. ಕೊನೆಗೆ ಹುಡುಕುತ್ತಾ ಹೋದಾಗ ಎಳೆ ಎರಡು ಹೋಟೆಲುಗಳಿಗೆ ಬಂದು ನಿಂತಿತು. ಹಳೆಯ ಪೈಪುಗಳ ತಪ್ಪು ಜೋಡಣೆಯಿಂದ ಕೊಳಚೆ ಕುಡಿಯುವ ನೀರಿನ ಸಾಲಿಗೆ ಸೇರಿತ್ತು. ಸಾವಿರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, ಸುಮಾರು ನೂರು ಮಂದಿ ಸತ್ತರು. ಅಮೆರಿಕದ ಪ್ಲಂಬಿಂಗ್ ಸಂಹಿತೆಗಳು ಹಿಮ್ಮುಖ ಹರಿವಿನ ಬಗ್ಗೆ ಅಷ್ಟು ಕಟ್ಟುನಿಟ್ಟಾಗಿರುವುದಕ್ಕೆ ಈ ಘಟನೆಯೂ ಒಂದು ಕಾರಣ.

ಇದನ್ನು ಕೊಡಗಿನಲ್ಲಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಅತಿಥಿಗಳೂ ಶನಿವಾರ ಬಂದು ಭಾನುವಾರ ಸಂಜೆ ಬೆಂಗಳೂರಿಗೋ ಕೋಯಿಕ್ಕೋಡಿಗೋ ಹೊರಟುಬಿಡುತ್ತಾರೆ. ಟೈಫಾಯ್ಡ್ ಕಾಣಿಸಿಕೊಳ್ಳಲು ಒಂದರಿಂದ ಮೂರು ವಾರ ಬೇಕು. ಕಾಮಾಲೆ ತರುವ ಹೆಪಟೈಟಿಸ್ ಎ ಸೋಂಕಿಗೆ ಎರಡು ವಾರದಿಂದ ಏಳು ವಾರ. ಅಷ್ಟು ಹೊತ್ತಿಗೆ ಅವರು ಇನ್ನೆಷ್ಟೋ ಕಡೆ ತಿಂದಿರುತ್ತಾರೆ. 'ಇಷ್ಟು ವರ್ಷದಲ್ಲಿ ನಮ್ಮಲ್ಲಿ ಒಬ್ಬರಿಗೂ ಏನೂ ಆಗಿಲ್ಲ' ಎಂದು ನೀವು ಹೇಳಿದರೆ ನಾನು ನಂಬುತ್ತೇನೆ. ಆದರೆ ಆಗಿದ್ದರೂ ಅದು ನಿಮ್ಮ ಕಿವಿಗೆ ಬೀಳುವ ದಾರಿಯೇ ಇರಲಿಲ್ಲ.

ಈಗ ನಮ್ಮ ಗುಡ್ಡಕ್ಕೆ ಬರೋಣ. ಟ್ಯಾಂಕು ಮೇಲಿದೆ. ಅಲ್ಲಿಂದ ಇಳಿಯುವ ಒಂದೇ ಪೈಪಿನಲ್ಲಿ ದಾರಿ ಮಧ್ಯೆ ತೋಟದ ಶೆಡ್ಡಿಗೆ ಒಂದು ನಲ್ಲಿ, ಅದಕ್ಕಿಂತ ಹತ್ತಡಿ ಕೆಳಗೆ ಅಡುಗೆಮನೆ, ಇನ್ನೂ ಕೆಳಗೆ ಪಾತ್ರೆ ಬೆಳಗುವ ಕಟ್ಟೆ. ಮುಂಗಾರಿಗೆ ಮುಂಚೆ ಕಾಫಿ ಎಲೆಯ ತುಕ್ಕುರೋಗಕ್ಕೆ, ಮೆಣಸಿನ ಬಳ್ಳಿಯ ಸೊರಗು ರೋಗಕ್ಕೆ ಬೋರ್ಡೋ ದ್ರಾವಣ ಕಲಸುತ್ತೇವೆ. ಡ್ರಮ್ಮಿಗೆ ನೀರು ತುಂಬಲು ಶೆಡ್ಡಿನ ನಲ್ಲಿಗೆ ಹೋಸ್ ಸಿಕ್ಕಿಸಿ, ಅದರ ತುದಿಯನ್ನು ಡ್ರಮ್ಮಿನ ತಳಕ್ಕೆ ಇಳಿಬಿಟ್ಟು ಆಳು ಬೇರೆ ಕೆಲಸಕ್ಕೆ ಹೋಗುತ್ತಾನೆ. ಆ ಹೊತ್ತಿಗೆ ಟ್ಯಾಂಕು ಬರಿದಾಗುತ್ತದೆ, ಅಥವಾ ಯಾರೋ ಮೇಲಿನ ವಾಲ್ವ್ ತಿರುಗಿಸುತ್ತಾರೆ. ಕೆಳಗೆ ಪಾತ್ರೆ ಕಟ್ಟೆಯ ನಲ್ಲಿ ತೆರೆದೇ ಇದೆ. ಪೈಪಿನಲ್ಲಿದ್ದ ನೀರು ಕೆಳಕ್ಕೆ ಇಳಿಯುವಾಗ ಮೇಲಿನ ಭಾಗದಲ್ಲಿ ಒತ್ತಡ ವಾತಾವರಣಕ್ಕಿಂತ ಕಡಿಮೆಯಾಗಿ ಹೀರುವಿಕೆ ಉಂಟಾಗುತ್ತದೆ. ಮುಳುಗಿರುವ ಹೋಸಿನ ಮೂಲಕ ಮೈಲುತುತ್ತ ಬೆರೆತ ನೀರು ಪೈಪಿಗೆ ಏರಿ, ಅಡುಗೆಮನೆಯ ಕಡೆಗೆ ಹೊರಡುತ್ತದೆ. ಪಂಪು ಬೇಡ, ಯಾರ ದುರುದ್ದೇಶವೂ ಬೇಡ. ಪಿತೂರಿ ಮಾಡುವುದು ಬರೀ ಇಳಿಜಾರು.

ಬೋರ್ಡೋ ಆದರೆ ನೀಲಿ ಬಣ್ಣದಿಂದ ಗೊತ್ತಾದೀತು. ಶೌಚಾಲಯದ ಬಕೆಟ್ಟಿನಲ್ಲಿ ಮುಳುಗಿದ ಜೆಟ್ ಸ್ಪ್ರೇ, ನೆಲ ಒರೆಸುವ ಬಾಲ್ದಿಯಲ್ಲಿ ಬಿದ್ದಿರುವ ಹೋಸು, ಎಂಜಲು ಪಾತ್ರೆ ನೆನೆಸಿಟ್ಟ ತೊಟ್ಟಿಯೊಳಗೆ ಮುಳುಗುವಷ್ಟು ಉದ್ದದ ರಬ್ಬರ್ ಕೊಳವೆ, ಇವುಗಳಿಂದ ಬರುವುದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲದಿರಬಹುದು.

ಇದಕ್ಕೆ ಸಂಹಿತೆ ಹೇಳುವ ಮದ್ದು ಬಿಟ್ಟಿ ಸಿಗುವಂಥದ್ದು: ಗಾಳಿಯ ಅಂತರ. ನಲ್ಲಿಯ ಬಾಯಿಗೂ ಸಿಂಕ್ ತುಂಬಿ ತುಳುಕುವ ಅಂಚಿಗೂ ನಡುವೆ ನಲ್ಲಿಯ ಬಾಯಿಯ ಅಗಲದ ಎರಡರಷ್ಟು ಖಾಲಿ ಜಾಗ ಇರಬೇಕು. ಯಾವ ಕಾರಣಕ್ಕೂ ಒಂದು ಇಂಚಿಗಿಂತ ಕಡಿಮೆಯಾಗಬಾರದು. ನೀರು ಗಾಳಿಯಲ್ಲಿ ನೆಗೆದು ಮೇಲಕ್ಕೆ ಬರಲಾರದು, ಅಷ್ಟೇ ಅದರ ತತ್ವ. ತೋಟದ ಡ್ರಮ್ಮಿನ ವಿಷಯದಲ್ಲಿ ಹೋಸಿನ ತುದಿಯನ್ನು ಡ್ರಮ್ಮಿನ ಬಾಯಿಗಿಂತ ಅರ್ಧ ಅಡಿ ಮೇಲೆ ಒಂದು ಗೂಟಕ್ಕೆ ಕಟ್ಟಿ. ಇನ್ನೂ ಒಳ್ಳೆಯದು, ತೋಟಕ್ಕೆ ಬೇರೆ ಟ್ಯಾಂಕ್, ಬೇರೆ ಸಾಲು. ಕುಡಿಯಲು ಬಾರದ ನೀರಿನ ಪೈಪು ಗುರುತಿಸುವಂತೆ ಬೇರೆಯಾಗಿರಬೇಕು ಎಂದು ನಾಲ್ಕನೇ ಅನುಸೂಚಿಯೂ ಹೇಳುತ್ತದೆ. ನಮ್ಮಲ್ಲಿ ಎಲ್ಲವೂ ಕಪ್ಪು ಎಚ್‌ಡಿಪಿಇ ಪೈಪು. ಹೂಳುವ ಮುಂಚೆ ಬಣ್ಣ ಬಳಿಯಿರಿ. ಮೂರು ವರ್ಷ ಕಳೆದ ಮೇಲೆ ಯಾವುದು ಯಾವುದೆಂದು ಹಾಕಿದ ಪ್ಲಂಬರಿಗೂ ನೆನಪಿರುವುದಿಲ್ಲ.

ಹೊರಗೆ ಹೋಗುವ ನೀರಿಗೂ ಅದೇ ಅಂತರ ಬೇಕು ಎಂಬುದು ಬಹಳ ಮಂದಿಗೆ ಹೊಸ ಮಾತು. ತರಕಾರಿ, ಮಾಂಸ ತೊಳೆಯುವ ಸಿಂಕ್, ಐಸ್ ಯಂತ್ರ, ದೊಡ್ಡ ಫ್ರಿಜ್ಜಿನ ಬಸಿ ನೀರಿನ ಕೊಳವೆ ಇವುಗಳನ್ನು ನೇರವಾಗಿ ಚರಂಡಿ ಪೈಪಿಗೆ ಬೆಸೆಯಬಾರದು. ಕೊಳವೆಯ ತುದಿ ನೆಲದ ಸಣ್ಣ ತೊಟ್ಟಿಯ ಮೇಲೆ ತೆರೆದುಕೊಂಡು ಬೀಳಬೇಕು. ಏಕೆಂದರೆ ಕೆಳಗೆ ಎಲ್ಲೋ ಪೈಪು ಕಟ್ಟಿದರೆ ಕೊಳಚೆ ಹಿಂದಕ್ಕೆ ಏರುತ್ತದೆ. ನೇರ ಜೋಡಣೆ ಇದ್ದಲ್ಲಿ ಅದು ಏರುವುದು ನೀವು ಅಕ್ಕಿ ತೊಳೆಯುವ ಸಿಂಕಿಗೆ. ತೆರೆದು ಬಿಟ್ಟಲ್ಲಿ ನೆಲಕ್ಕೆ ಉಕ್ಕುತ್ತದೆ; ನೆಲ ಗಲೀಜಾಗುತ್ತದೆ, ಕಾಣುತ್ತದೆ, ಬೈಗುಳ ಬೀಳುತ್ತದೆ, ರಿಪೇರಿಯಾಗುತ್ತದೆ. ಕಾಣುವ ಗಲೀಜು ಎಷ್ಟೋ ವಾಸಿ.

ಕೈ ತೊಳೆಯುವ ಬೇಸಿನ್ ಬೇರೆ ಇರಲೇಬೇಕು, ಅಡುಗೆಯವರ ಕೈಗೆಟುಕುವಲ್ಲಿ, ಸೋಪಿನ ಜೊತೆ. ಅದರಲ್ಲಿ ಸೌಟು ನೆನೆಸಿಟ್ಟಿದ್ದರೆ ಅದು ಬೇಸಿನ್ ಅಲ್ಲ. ನೆಲ ಒರೆಸಿದ ನೀರು ಸುರಿಯಲು ಇನ್ನೊಂದು ಜಾಗ. ಶೌಚಾಲಯದ ಬಾಗಿಲು ಅಡುಗೆಮನೆಯೊಳಕ್ಕೆ ತೆರೆಯಬಾರದು.

ಒಂದು ಸಾಲಿನ ನಿಯಮವಿದೆ, ಅದನ್ನು ಓದಿದಾಗಲೆಲ್ಲ ಬರೆದವರ ಬಗ್ಗೆ ಗೌರವ ಬರುತ್ತದೆ. ಅಡುಗೆ ನಡೆಯುವ ದಿಕ್ಕಿಗೆ ನೆಲದ ನೀರು ವಿರುದ್ಧವಾಗಿ ಹರಿಯಬೇಕು ಎನ್ನುತ್ತದೆ ನಾಲ್ಕನೇ ಅನುಸೂಚಿ. ಎಂದರೆ ಹಸಿ ಮಾಂಸ ಬಂದಿಳಿಯುವ ಕಡೆಯಿಂದ ಬಡಿಸುವ ಕಡೆಗೆ ಆಹಾರ ಸಾಗಿದರೆ, ನೆಲದ ನೀರು ಬಡಿಸುವ ಕಡೆಯಿಂದ ಹಸಿ ಮಾಂಸದ ಕಡೆಗೆ ಇಳಿಯಬೇಕು. ಟೈಲ್ಸ್ ಹಾಕಿದ ಮೇಲೆ ಇದನ್ನು ಸರಿಪಡಿಸುವುದೆಂದರೆ ನೆಲ ಒಡೆಯುವುದು. ನಮ್ಮ ಹೋಂಸ್ಟೇಗಳಲ್ಲಿ ಮೊದಲು ಗ್ರಾನೈಟ್ ಬಣ್ಣ ಆರಿಸುತ್ತಾರೆ, ಇಳಿಜಾರನ್ನು ಟೈಲ್ಸ್ ಹಾಕುವ ಮೇಸ್ತ್ರಿಯ ವಿವೇಕಕ್ಕೆ ಬಿಡುತ್ತಾರೆ.

ಟ್ರ್ಯಾಪ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸಿಂಕಿನ ಕೆಳಗಿನ ಬಾಗಿದ ಕೊಳವೆಯಲ್ಲಿ ಐವತ್ತು ಮಿಲಿಮೀಟರ್ ನೀರು ಸದಾ ನಿಂತಿರಬೇಕು. ಚರಂಡಿಯ ಗಾಳಿ, ಜಿರಳೆ ಒಳಗೆ ಬರದಂತೆ ತಡೆಯುವುದು ಆ ಎರಡು ಇಂಚು ನೀರು ಮಾತ್ರ. ಬಳಸದ ಕೋಣೆಯ ನೆಲದ ಟ್ರ್ಯಾಪ್ ಬೇಸಿಗೆಯಲ್ಲಿ ಒಣಗುತ್ತದೆ. 2003ರಲ್ಲಿ ಹಾಂಗ್‌ಕಾಂಗಿನ ಅಮಾಯ್ ಗಾರ್ಡನ್ಸ್ ವಸತಿ ಸಂಕೀರ್ಣದಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಗೆ ಸಾರ್ಸ್ ಎಂಬ ಉಸಿರಾಟದ ಸೋಂಕು ತಗಲಿದಾಗ, ಸೋಂಕು ಹರಡಿದ ದಾರಿಗಳಲ್ಲಿ ಒಣಗಿದ ನೆಲದ ಟ್ರ್ಯಾಪುಗಳೂ ಸೇರಿದ್ದವು ಎಂದು ತನಿಖೆ ತೋರಿಸಿತು. ವಾರಕ್ಕೊಮ್ಮೆ ಖಾಲಿ ಕೋಣೆಗಳ ಬಚ್ಚಲಿಗೆ ಒಂದು ಚೊಂಬು ನೀರು ಹಾಕಿಸಿ.

ಈಗ ನಮ್ಮ ನಿಜವಾದ ಸಮಸ್ಯೆ. ಪಂದಿ ಕರಿ.

ನಗಬೇಡಿ, ಪೈಪಿನ ದೃಷ್ಟಿಯಿಂದ ಹೇಳುತ್ತಿದ್ದೇನೆ. ಹಂದಿಯ ಕೊಬ್ಬು ಮೂವತ್ತು ಡಿಗ್ರಿಗಿಂತ ಕೆಳಗೆ ಗಟ್ಟಿಯಾಗತೊಡಗುತ್ತದೆ. ತೆಂಗಿನೆಣ್ಣೆ ಸುಮಾರು ಇಪ್ಪತ್ತನಾಲ್ಕಕ್ಕೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಮಡಿಕೇರಿಯಲ್ಲಿ ಹಗಲೂ ನೆಲದಡಿಯ ಪೈಪಿನೊಳಗೆ ಅಷ್ಟು ಬಿಸಿ ಇರುವುದಿಲ್ಲ. ಅದೇ ಹೊತ್ತಿಗೆ ಪ್ರವಾಸಿಗರ ದಂಡು ಬರುತ್ತದೆ, ಅದೇ ಹೊತ್ತಿಗೆ ಪಾತ್ರೆ ಹೆಚ್ಚುತ್ತದೆ. ಚೆನ್ನೈಯ ಹೋಟೆಲಿನಲ್ಲಿ ಎರಡು ವರ್ಷಕ್ಕೆ ಕಟ್ಟಿಕೊಳ್ಳುವ ಪೈಪು ನಮ್ಮಲ್ಲಿ ಒಂದೇ ಹಂಗಾಮಿಗೆ ಕಟ್ಟಿಕೊಂಡರೆ ಆಶ್ಚರ್ಯವಿಲ್ಲ.

ಕುದಿಯುವ ನೀರು ಸುರಿದರೆ ಹೋಗುತ್ತದೆ ಎಂದು ನಿಮ್ಮ ಅಡುಗೆಯವರು ಹೇಳುತ್ತಾರೆ. ಹೋಗುತ್ತದೆ, ಇಪ್ಪತ್ತು ಅಡಿ ಮುಂದಕ್ಕೆ. ಅಲ್ಲಿ ತಣಿದು ಮತ್ತೆ ಗಟ್ಟಿಯಾಗುತ್ತದೆ. ಮೊದಲು ಕೈಗೆ ಸಿಗುತ್ತಿದ್ದ ಕೊಬ್ಬು ಈಗ ಅಂಗಳದ ಕಾಂಕ್ರೀಟಿನ ಕೆಳಗೆ ಸೇರಿತು. ಇನ್ನೊಂದು ಸಂಗತಿ: ಕೊಬ್ಬು ಒಡೆದು ಬರುವ ಆಮ್ಲಗಳು ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿ ಸಾಬೂನಿನಂಥ ವಸ್ತುವಾಗುತ್ತವೆ. ನಮ್ಮ ನೀರು ಮೆದು, ಅದರಲ್ಲಿ ಕ್ಯಾಲ್ಸಿಯಂ ಕಡಿಮೆ, ಆದ್ದರಿಂದ ತೊಂದರೆಯಿಲ್ಲ ಎನ್ನುವಂತಿಲ್ಲ; ಸಿಮೆಂಟಿನ ಚೇಂಬರ್ ಗೋಡೆಯೇ ಕ್ಯಾಲ್ಸಿಯಂ ಬಿಟ್ಟುಕೊಡುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಚರಂಡಿಯಲ್ಲಿ ಸಿಕ್ಕ ಇಂಥ ಗಡ್ಡೆ 250 ಮೀಟರ್ ಉದ್ದ, ಸುಮಾರು 130 ಟನ್ ತೂಕವಿತ್ತು. ಅದನ್ನು ಒಡೆದು ತೆಗೆಯಲು ವಾರಗಳೇ ಹಿಡಿದವು.

ಗ್ರೀಸ್ ಟ್ರ್ಯಾಪ್ ಎಂದರೆ ಮಾಯೆಯೇನಲ್ಲ. ನೀರು ನಿಧಾನವಾಗಿ ನಿಲ್ಲುವ ತೊಟ್ಟಿ. ಕೊಬ್ಬು ತೇಲುತ್ತದೆ, ಅನ್ನದ ಅಗುಳು ತಳಕ್ಕೆ ಕೂರುತ್ತದೆ, ಮಧ್ಯದ ನೀರು ತಡೆಗೋಡೆಯ ಕೆಳಗಿನಿಂದ ನುಸುಳಿ ಹೊರಗೆ ಹೋಗುತ್ತದೆ. ಇಡೀ ವಿದ್ಯೆ ಇರುವುದು 'ನಿಧಾನ' ಮತ್ತು 'ತಣಿಯಲು ಬಿಡುವುದು' ಎಂಬ ಎರಡರಲ್ಲಿ. ಹೊರಗೆ ಕಟ್ಟುವ ದೊಡ್ಡ ತೊಟ್ಟಿಗೆ ಅರ್ಧ ಗಂಟೆಯ ನಿಲುಗಡೆ ಎಂಬುದು ಬಹುಕಾಲದಿಂದ ನಡೆದು ಬಂದ ಲೆಕ್ಕ. ನಿಮ್ಮ ಪಾತ್ರೆ ಕಟ್ಟೆಯಿಂದ ಭರಾಟೆಯ ಹೊತ್ತಿನಲ್ಲಿ ನಿಮಿಷಕ್ಕೆ ಇಪ್ಪತ್ತು ಲೀಟರ್ ಹೊರಟರೆ ಆರುನೂರು ಲೀಟರಿನ ತೊಟ್ಟಿ ಬೇಕು. ಸಿಂಕಿನ ಕೆಳಗೆ ಇಡುವ ಸ್ಟೀಲ್ ಡಬ್ಬಿ ನಾಲ್ಕು ಕೋಣೆಯ ಹೋಂಸ್ಟೇಗೆ ಸಾಕಾದೀತು, ದಿನವೂ ಇನ್ನೂರು ಊಟ ಹಾಕುವವರಿಗೆ ಅದು ಅಲಂಕಾರ. ಪಾತ್ರೆ ತೊಳೆಯುವ ಯಂತ್ರದ ಬಿಸಿ ನೀರನ್ನು ಇದಕ್ಕೆ ಬಿಡಬೇಡಿ. ಹಿಡಿದಿಟ್ಟ ಕೊಬ್ಬನ್ನೆಲ್ಲ ಕರಗಿಸಿ ಹೊತ್ತುಕೊಂಡು ಹೋಗುತ್ತದೆ. ಶೌಚದ ನೀರಂತೂ ಇದರ ಹತ್ತಿರ ಸುಳಿಯಬಾರದು. ತೇಲುವ ಕೊಬ್ಬು ಮತ್ತು ತಳದ ಕೆಸರು ಸೇರಿ ಆಳದ ನಾಲ್ಕನೇ ಒಂದು ಭಾಗ ಆದ ಕೂಡಲೇ ತೆಗೆಯಬೇಕು. ಹಂಗಾಮಿನಲ್ಲಿ ವಾರಕ್ಕೊಮ್ಮೆ ಕೋಲು ಹಾಕಿ ನೋಡಿ.

ಇದೆಲ್ಲಕ್ಕಿಂತ ಮೊದಲಿನ ಕೆಲಸ, ಪಾತ್ರೆಯನ್ನು ನೀರಿಗೆ ಹಾಕುವ ಮುಂಚೆ ಕಾಗದದಿಂದಲೋ ಬಾಳೆ ಎಲೆಯ ಚೂರಿನಿಂದಲೋ ಒರೆಸುವುದು. ನಾನು ಕಂಡ ಅತ್ಯುತ್ತಮ ಗ್ರೀಸ್ ಟ್ರ್ಯಾಪ್ ಒಬ್ಬ ಶಿಸ್ತಿನ ಪಾತ್ರೆ ತೊಳೆಯುವ ಹೆಂಗಸು. ಅವರ ಸಂಬಳ ಸ್ವಲ್ಪ ಹೆಚ್ಚಿಸಿದರೆ ಪ್ಲಂಬರಿನ ಬಿಲ್ಲು ಇಳಿಯುತ್ತದೆ.

ಮುಂದೆ ಈ ನೀರು ಹೋಗುವುದೆಲ್ಲಿಗೆ? ಪಟ್ಟಣದಿಂದ ಹೊರಗೆ ಎಲ್ಲರದೂ ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ. ಊಟದ ಮನೆಗೆ ಒಂದು ಆಸನಕ್ಕೆ ದಿನಕ್ಕೆ ಎಪ್ಪತ್ತು ಲೀಟರ್ ಎಂಬುದು ಭಾರತೀಯ ಮಾನಕದ ಲೆಕ್ಕ. ಮೂವತ್ತು ಆಸನಕ್ಕೆ 2,100 ಲೀಟರ್. ಐದು ಜನರ ಸಂಸಾರಕ್ಕೆಂದು ಅಜ್ಜ ತೋಡಿಸಿದ ಗುಂಡಿಗೆ ಇಷ್ಟನ್ನು ಬಿಟ್ಟರೆ ಅದು ತುಂಬಿ ಹರಿಯುವುದು ಸಹಜ. ಕೊಬ್ಬು ಸೇರಿದರಂತೂ ಗುಂಡಿಯ ಮಣ್ಣಿನ ರಂಧ್ರಗಳು ಮುಚ್ಚಿಹೋಗುತ್ತವೆ. ಆಮೇಲೆ ಅದು ಇಂಗುಗುಂಡಿಯಲ್ಲ, ಬರೀ ಗುಂಡಿ.

ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ ಹದಿನೆಂಟು ಮೀಟರ್ ದೂರ ಬೇಕೆಂದು ಐಎಸ್ 2470 ಹೇಳುತ್ತದೆ. ಈ ಸಂಖ್ಯೆಯನ್ನು ನೀವು ಕನಿಷ್ಠ ಎಂದೇ ಓದಬೇಕು. ಗುಂಡಿ ಮೇಲೆ, ಬಾವಿ ಕೆಳಗೆ ಇದ್ದರೆ ನಾನಾದರೆ ಹದಿನೆಂಟಕ್ಕೆ ನಿಲ್ಲುವುದಿಲ್ಲ. ಆಟಿ ತಿಂಗಳಲ್ಲಿ ಬಾವಿಯ ನೀರು ಕಟ್ಟೆಯವರೆಗೆ ಏರುವುದನ್ನು ನೀವೆಲ್ಲ ನೋಡಿದ್ದೀರಿ. ಬಾವಿಯಲ್ಲಿ ನೀರು ಏರಿದೆ ಎಂದರೆ ನೆಲದೊಳಗೆಲ್ಲ ಏರಿದೆ ಎಂದರ್ಥ. ಆಗ ಗುಂಡಿಯ ನೀರು ಇಂಗುವುದಿಲ್ಲ, ಅಂತರ್ಜಲವೇ ಗುಂಡಿಯೊಳಗೆ ಬಂದು ಹೋಗುತ್ತದೆ. ಅಳತೆಪಟ್ಟಿ ಹಿಡಿಯುವಾಗ ನೆರೆಯವರ ಬಾವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೇಲಿಯ ಸಂಗತಿ ಅಂತರ್ಜಲಕ್ಕೆ ತಿಳಿಯದು. ಛಾವಣಿಯ ಮಳೆನೀರನ್ನು ಸೆಪ್ಟಿಕ್ ಟ್ಯಾಂಕಿಗೆ ತಿರುಗಿಸುವ ಪುಣ್ಯಾತ್ಮರೂ ನಮ್ಮಲ್ಲಿದ್ದಾರೆ. ಕೊಡಗಿನ ಮಳೆಗೆ ಅದನ್ನು ಮಾಡಿದರೆ ಒಂದೇ ರಾತ್ರಿಯಲ್ಲಿ ಟ್ಯಾಂಕಿನ ಕೆಸರೆಲ್ಲ ತೋಡಿಗೆ. ಆ ತೋಡು ಕೊನೆಗೆ ಸೇರುವುದು ಕಾವೇರಿಗೋ ಲಕ್ಷ್ಮಣತೀರ್ಥಕ್ಕೋ.

ಇನ್ನೊಂದು ಮಾತು 2018ರ ಆಗಸ್ಟಿನಲ್ಲಿ ಇಲ್ಲಿ ಗುಡ್ಡಗಳು ಕುಸಿದದ್ದನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಗುಡ್ಡ ಕಡಿದು ಮಟ್ಟ ಮಾಡಿದ ಜಾಗದ ಅಂಚಿನಲ್ಲಿ, ದರೆಯ ನೆತ್ತಿಯ ಮೇಲೆ ಇಂಗುಗುಂಡಿ ತೋಡಬೇಡಿ. ವರ್ಷವಿಡೀ ದಿನಕ್ಕೆ ಎರಡು ಸಾವಿರ ಲೀಟರ್ ನೀರನ್ನು ಆ ಮಣ್ಣಿಗೆ ಕುಡಿಸುತ್ತಾ ಮಳೆಗಾಲದಲ್ಲಿ ಅದು ನಿಂತಿರಲಿ ಎಂದು ಬಯಸುವುದು ನ್ಯಾಯವಲ್ಲ.

ಸೆಪ್ಟಿಕ್ ಟ್ಯಾಂಕಿನ ಕೆಸರು ತೆಗೆಯಲು ಯಂತ್ರದ ಲಾರಿ ಕರೆಸಿ. ಸುರಕ್ಷತಾ ಸಾಧನಗಳಿಲ್ಲದೆ ಮನುಷ್ಯನನ್ನು ಒಳಗೆ ಇಳಿಸುವುದು, ಕೈಯಿಂದ ಮಲ ಬಳಿಯುವ ಕೆಲಸವನ್ನು ನಿಷೇಧಿಸಿದ 2013ರ ಕಾಯಿದೆಯ ಪ್ರಕಾರ ಅಪರಾಧ. ಒಳಗಿನ ಹೈಡ್ರೋಜನ್ ಸಲ್ಫೈಡ್ ಗಾಳಿ ಇಳಿದವನನ್ನೂ ಅವನನ್ನು ಎತ್ತಲು ಹೋದವನನ್ನೂ ಕೊಲ್ಲುತ್ತದೆ. ಲಾರಿ ಹತ್ತಿರ ಬರಲು ದಾರಿ ಇರುವಲ್ಲಿ ಟ್ಯಾಂಕ್ ಕಟ್ಟಿಸುವುದು ಇದಕ್ಕೇ.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

ಸಿದ್ದಾಪುರ ಕಡೆಯ ಒಬ್ಬರು ಕೇಳಿದರು: ನಮ್ಮದು ಗುಡ್ಡದ ಒರತೆಯ ನೀರು, ಟಿಡಿಎಸ್ ಮೀಟರಿನಲ್ಲಿ ನಲವತ್ತು ತೋರಿಸುತ್ತದೆ, ಪರೀಕ್ಷೆ ಬೇಕೆ?

ಬೇಕು. ಟಿಡಿಎಸ್ ಮೀಟರ್ ಕರಗಿದ ಲವಣವನ್ನು ಅಂದಾಜಿಸುತ್ತದೆ, ರೋಗಾಣುವನ್ನಲ್ಲ. ಐಎಸ್ 10500 ಪ್ರಕಾರ ನೂರು ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಒಂದೂ ಕಾಣಬಾರದು. ಅದನ್ನು ಪ್ರಯೋಗಾಲಯವೇ ಹೇಳಬೇಕು. ಮಳೆ ಶುರುವಾದ ಮೇಲೆ ಮಾದರಿ ಕೊಡಿ, ಫೆಬ್ರವರಿಯ ವರದಿಯನ್ನು ಗೋಡೆಗೆ ತೂಗುಹಾಕಿ ಜುಲೈಯಲ್ಲಿ ನೆಮ್ಮದಿಯಾಗಿರಬೇಡಿ. ನಲವತ್ತು ಟಿಡಿಎಸ್ ಇರುವ ನೀರಿಗೆ ಆರ್‌ಒ ಯಂತ್ರ ಮಾರಲು ಬಂದವರನ್ನು ಕಾಫಿ ಕೊಟ್ಟು ಕಳುಹಿಸಿ. ನಿಮಗೆ ಬೇಕಾದದ್ದು ಸೋಸುವುದು ಮತ್ತು ಕ್ಲೋರಿನ್. ತಿಳಿ ನೀರಾದರೆ ಸಾವಿರ ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ ಎರಡೂವರೆ ಗ್ರಾಂ ಎಂಬುದು ಪಠ್ಯಪುಸ್ತಕದ ಲೆಕ್ಕ. ಮಳೆಗಾಲದ ಕೆಂಪು ನೀರಿಗೆ ಅದು ಸಾಲದು. ಮೊದಲು ತಿಳಿಯಾಗಲು ಬಿಡಬೇಕು. ಅರ್ಧ ಗಂಟೆಯ ನಂತರವೂ ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದನ್ನು ನೋಡುವ ಕಿಟ್ ಅಗ್ಗವಾಗಿ ಸಿಗುತ್ತದೆ.

ಕರಿದ ಎಣ್ಣೆ ಏನು ಮಾಡುವುದು ಎಂದು ಇನ್ನೊಬ್ಬರು ಕೇಳಿದರು. ಸಿಂಕಿಗೆ ಸುರಿಯಬಾರದು ಎಂಬುದು ಗೊತ್ತೇ ಇದೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಅದು ಕೆಡುತ್ತಾ ಹುಟ್ಟುವ ಒಟ್ಟು ಧ್ರುವೀಯ ಸಂಯುಕ್ತಗಳು ಶೇಕಡ 25 ದಾಟಿದರೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈಯಿಂದ ಇದೆ. ಹಳೆಯ ಎಣ್ಣೆಯನ್ನು ಜೈವಿಕ ಇಂಧನಕ್ಕೆ ಕೊಂಡುಕೊಳ್ಳುವ ವ್ಯವಸ್ಥೆಯನ್ನೂ ಆಹಾರ ಪ್ರಾಧಿಕಾರ ರೂಪಿಸಿದೆ. ಒಬ್ಬೊಬ್ಬರಲ್ಲಿ ಐದೈದು ಲೀಟರ್ ಇದ್ದರೆ ಅವರು ಗುಡ್ಡ ಹತ್ತಿ ಬರುವುದಿಲ್ಲ. ಒಂದು ರಸ್ತೆಯವರೆಲ್ಲ ಸೇರಿ ಒಂದು ಬ್ಯಾರೆಲ್ ಇಡಿ.

ಕೊನೆಯ ಪ್ರಶ್ನೆ ಪೊನ್ನಂಪೇಟೆಯಿಂದ ಬಂದವರದು: ಹೋಂಸ್ಟೇಗೆ ಹೊಸದಾಗಿ ದೊಡ್ಡ ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿದ್ದೇವೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ, ಅಂದರೆ ಪಲ್ಪರಿನ ನೀರನ್ನೂ ಅದಕ್ಕೇ ಬಿಡಬಹುದೇ?

ಬಿಡಬಾರದು. ಪಲ್ಪರ್ ನೀರು ಹುಳಿ, ಅದರಲ್ಲಿ ಸಕ್ಕರೆಯ ಅಂಶ ವಿಪರೀತ. ಸೆಪ್ಟಿಕ್ ಟ್ಯಾಂಕಿನಲ್ಲಿ ಕೊಳೆಯುವ ಕೆಲಸ ಮಾಡುವ ಸೂಕ್ಷ್ಮಜೀವಿಗಳು ಆ ಹುಳಿಗೆ ಸೋಲುತ್ತವೆ. ಹಣ್ಣು ಕೊಯ್ಲು ಮತ್ತು ಪ್ರವಾಸಿಗರ ಹಂಗಾಮು ಎರಡೂ ಡಿಸೆಂಬರ್, ಜನವರಿಯಲ್ಲೇ ಬರುವುದರಿಂದ ಟ್ಯಾಂಕಿಗೆ ಹೆಚ್ಚು ಕೆಲಸವಿರುವಾಗಲೇ ಅದು ಕೈಕೊಡುತ್ತದೆ. ಪಲ್ಪರಿಗೆ ಬೇರೆ ತೊಟ್ಟಿಗಳ ಸಾಲು ಬೇಕು, ಮೊದಲನೆಯದರಲ್ಲಿ ಸುಣ್ಣ ಹಾಕಿ ಹುಳಿ ಮುರಿಯಬೇಕು. ನಿಮ್ಮ ಬೆಳೆಯ ಪ್ರಮಾಣಕ್ಕೆ ತೊಟ್ಟಿಯ ಅಳತೆ ಎಷ್ಟೆಂದು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಕೇಳಿ. ಕಟ್ಟಿಸುವುದಾದರೆ ಮಳೆ ಹಿಡಿಯುವ ಮುಂಚೆಯೇ ಗುಂಡಿ ತೆಗೆಸಿ.